ಕಾಸರಗೋಡಿನಲ್ಲಿ ಮನೆ ಹತ್ತಿರ ಒಳ್ಳೆ ಶವರ್ಮಾ ಹುಡುಕುವುದು ಹೇಗೆ

ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದ ಹುಡುಗರು ಕೇಳುವ ಪ್ರಶ್ನೆ ಇದು: ಇಲ್ಲಿ ಒಳ್ಳೆ ಬರಿಟೊ ಎಲ್ಲಿ ಸಿಗುತ್ತೆ? ನನ್ನನ್ನು ಕೇಳಿದರೆ, ಅದರ ಹಿಂದೆ ಬೀಳಬೇಡಿ ಅಂತಲೇ ಹೇಳುತ್ತೇನೆ. ಬರಿಟೊ ಮೂಲತಃ ಮೆಕ್ಸಿಕೋದ ಉತ್ತರ ಭಾಗದ್ದು. ದೊಡ್ಡ ಗೋಧಿ ಟೋರ್ಟಿಯಾ, ಅಂದರೆ ತೆಳ್ಳಗಿನ ರೊಟ್ಟಿ, ಒಳಗೆ ಬೀನ್ಸ್, ಮಾಂಸ, ಅಮೆರಿಕದ ಶೈಲಿಯಾದರೆ ಅನ್ನ ಮತ್ತು ಸಾಲ್ಸಾ ಕೂಡ. ಇದೆಲ್ಲ ದಿನಾ ಬೇಯುವ, ದಿನಾ ಖಾಲಿಯಾಗುವ ಅಂಗಡಿಯಲ್ಲಿ ಮಾತ್ರ ರುಚಿ. ನಮ್ಮ ಕಡೆ ಕೆಲವು ಕೆಫೆಗಳ ಮೆನುವಿನ ಕೊನೆ ಪುಟದಲ್ಲಿ ಅದರ ಹೆಸರು ಕಾಣಿಸಬಹುದು, ಆದರೆ ಅಪರೂಪಕ್ಕೆ ಯಾರೋ ಒಬ್ಬರು ಕೇಳುವ ತಿಂಡಿಗೆ ಬೇಕಾದ ಸಾಮಾನು ಎಷ್ಟು ದಿನದಿಂದ ಫ್ರೀಜರಿನಲ್ಲಿ ಕೂತಿದೆ ಅಂತ ಯೋಚನೆ ಮಾಡಿ.

ನಮ್ಮಲ್ಲಿ ದಿನಾ ಸಂಜೆ ಬೆಂಕಿಯ ಮುಂದೆ ತಿರುಗುವುದು ಶವರ್ಮಾ: ಕಂಬಿಗೆ ಪೇರಿಸಿ ಬೇಯಿಸಿದ ಮಾಂಸವನ್ನು ತೆಳ್ಳಗೆ ಕೊಯ್ದು ರೊಟ್ಟಿಯಲ್ಲಿ ಸುತ್ತಿ ಕೊಡುವುದು. ಗಲ್ಫಿಗೆ ಹೋದವರ ಜೊತೆಗೇ ಊರಿಗೆ ಬಂದ ತಿಂಡಿ ಅದು. ಹೊಸಂಗಡಿ, ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು ಪೇಟೆ, ಚೆರ್ಕಳ, ಎಲ್ಲಿ ಇಳಿದರೂ ಸಿಗುತ್ತದೆ. ಎಲ್ಲೆಲ್ಲೂ ಸಿಗುವುದರಿಂದಲೇ ಒಳ್ಳೆಯದನ್ನು ಹುಡುಕುವುದು ಸ್ವಲ್ಪ ಕಷ್ಟ. ಹಾಗಾಗಿ ಈ ಬರಹ.

ಒಂದು ವಿಷಯ ಮೊದಲೇ ಹೇಳಬೇಕು. 2022ರ ಮೇ ತಿಂಗಳ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿ ತೀರಿಹೋದಳು. ಇನ್ನೂ ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ಆ ಮೇಲೆ ಕೇರಳ ಸರ್ಕಾರ ಅದೇ ವರ್ಷ ಶವರ್ಮಾಕ್ಕೆ ಅಂತಲೇ ಬೇರೆ ನಿಯಮಗಳನ್ನು ತಂದಿತು. ಲೈಸೆನ್ಸ್ ಇಲ್ಲದೆ ಮಾರಿದರೆ ಐದು ಲಕ್ಷ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಹೆದರಿಸಲಿಕ್ಕೆ ಹೇಳುತ್ತಿಲ್ಲ, ಶವರ್ಮಾ ನನಗೂ ತುಂಬಾ ಇಷ್ಟ. ಆದರೆ ನಮ್ಮ ಊರಿನಲ್ಲಿ ರುಚಿ ಬೇರೆ, ಶುಚಿ ಬೇರೆ ಅಂತ ನೋಡಲಿಕ್ಕೆ ಆಗುವುದಿಲ್ಲ. ಒಳ್ಳೆ ರುಚಿ ಬರುವುದಕ್ಕೆ ಏನು ಬೇಕೋ, ಹೊಟ್ಟೆ ಕೆಡದೆ ಇರುವುದಕ್ಕೂ ಹೆಚ್ಚು ಕಡಿಮೆ ಅದೇ ಬೇಕು: ತಾಜಾ ಮಾಂಸ, ಬಿಡದೆ ಉರಿಯುವ ಬೆಂಕಿ, ಬೇಗ ಖಾಲಿಯಾಗುವ ಅಂಗಡಿ.

ಹುಡುಕಾಟ ಫೋನಿನಲ್ಲಿ ಶುರು ಮಾಡಬಹುದು, ಆದರೆ ಸ್ಟಾರ್ ನೋಡಿ ತೀರ್ಮಾನ ಮಾಡಬೇಡಿ. ಅಂಗಡಿ ತೆರೆದ ವಾರದಲ್ಲಿ ಗೆಳೆಯರು, ನೆಂಟರು ಸೇರಿ ಕೊಟ್ಟ ಐದು ಸ್ಟಾರುಗಳು ವರ್ಷಗಟ್ಟಲೆ ಹಾಗೇ ಇರುತ್ತವೆ. ಗೂಗಲ್ ಮ್ಯಾಪಿನಲ್ಲಿ ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿ, ಕಳೆದ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಹುಡುಕಿದರೆ ಅರ್ಧ ಅಂಗಡಿಗಳು ಸಿಗುವುದೇ ಇಲ್ಲ. ಮಲಯಾಳಂ ಲಿಪಿಯಲ್ಲಿ ಬರೆದು ಹುಡುಕಿ, ಮಲಯಾಳಂ ರಿವ್ಯೂ ಓದಲು ಬರದಿದ್ದರೆ ಅನುವಾದದ ಬಟನ್ ಒತ್ತಿ. ಗಿರಾಕಿಗಳು ಹಾಕಿದ ಫೋಟೋ ನೋಡಿ, ಮಾಲೀಕರು ಹಾಕಿದ್ದನ್ನು ಬಿಡಿ. ಅರ್ಧ ತಿಂದ ರೋಲಿನ ಫೋಟೋ ಸಿಕ್ಕಿದರೆ ಒಳಗೆ ಎಷ್ಟು ಚಿಕನ್, ಎಷ್ಟು ಎಲೆಕೋಸು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹೊಟ್ಟೆ ಕೆಟ್ಟಿತು ಅಂತ ಬೇರೆ ಬೇರೆ ಜನ ಬರೆದಿದ್ದರೆ ಆ ಅಂಗಡಿಯನ್ನು ಬಿಟ್ಟುಬಿಡಿ.

ಫೋನಿನಿಂದ ಮೂರು ನಾಲ್ಕು ಹೆಸರು ಸಿಕ್ಕಿದರೆ ಸಾಕು. ಉಳಿದದ್ದು ಅಂಗಡಿ ಮುಂದೆ ನಿಂತು ನೋಡುವ ಕೆಲಸ.

ಹೊತ್ತು ನೋಡಿಕೊಂಡು ಹೋಗಿ. ಸಂಜೆ ಕೋನು, ಅಂದರೆ ಕಂಬಿಗೆ ಪೇರಿಸಿದ ಮಾಂಸದ ರಾಶಿ, ಏರಿಸಿದ ಕೂಡಲೇ ಹೋದರೆ ಹೊರಗಿನ ಪದರ ಸರಿಯಾಗಿ ಬೆಂದಿರುವುದಿಲ್ಲ, ಆದರೂ ಗಿರಾಕಿ ಬಂದರಲ್ಲಾ ಅಂತ ಕೆಲವರು ಕೊಯ್ದು ಕೊಡುತ್ತಾರೆ. ರಾತ್ರಿ ತುಂಬಾ ತಡವಾದರೆ ಗಂಟೆಗಟ್ಟಲೆ ತಿರುಗಿ ಒಣಗಿದ ಮಾಂಸ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಏಳರಿಂದ ಒಂಬತ್ತರ ನಡುವೆ ಒಳ್ಳೆ ಹೊತ್ತು, ಗಿರಾಕಿಗಳು ಜಾಸ್ತಿ ಇರುವುದರಿಂದ ಕೊಯ್ದದ್ದು ತಟ್ಟೆಯಲ್ಲಿ ಕೂರುವುದಿಲ್ಲ. ರಂಜಾನ್ ತಿಂಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಆಗ ರಾತ್ರಿ ಪೂರ್ತಿ ಪೇಟೆ ಎದ್ದಿರುತ್ತದೆ, ಕೆಲವು ಕಡೆ ಎರಡನೇ ಕೋನು ಏರಿಸುತ್ತಾರೆ.

ಈಗ ಕೋನನ್ನು ನೋಡಿ. ಹೊಸ ಕೋನು ಮೇಲೆ ಅಗಲ, ಕೆಳಗೆ ಸಪೂರ. ಬೆಂಕಿಯ ಕಡೆಗಿನ ಮುಖ ಕಂದು ಬಣ್ಣಕ್ಕೆ ತಿರುಗಿ, ಅಂಚುಗಳು ಸ್ವಲ್ಪ ಕರಿದಂತಾಗಿ, ಕೊಬ್ಬು ಸಣ್ಣಗೆ ಇಳಿದು ಕೆಳಗಿನ ತಟ್ಟೆಯಲ್ಲಿ ಸೇರುತ್ತಿರಬೇಕು. ಹತ್ತಿರ ನಿಂತರೆ ಚುರುಚುರು ಸದ್ದು ಕೇಳಬೇಕು. ಹೊತ್ತು ಹೋದ ಹಾಗೆ ಕೋನು ಸಣ್ಣದಾಗುತ್ತಾ ಬರಬೇಕು, ಇದು ಮುಖ್ಯ. ರಾತ್ರಿ ಹತ್ತೂವರೆಗೂ ಕೋನು ದಪ್ಪಗೇ ಇದ್ದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಳ್ಳಿ. ನಿಯಮದ ಪ್ರಕಾರ ಮಾಡಲು ಶುರು ಮಾಡಿ ನಾಲ್ಕು ಗಂಟೆ ಕಳೆದ ಮೇಲೆ ಉಳಿದ ಮಾಂಸವನ್ನು ಬಳಸುವ ಹಾಗಿಲ್ಲ. ಸಣ್ಣ ಕೋನು ಏರಿಸಿ, ಒಂಬತ್ತಕ್ಕೆಲ್ಲ "ಮುಗಿಯಿತು" ಅಂತ ಕೈಯಾಡಿಸುವ ಅಂಗಡಿಯವನ ಮೇಲೆ ನನಗೆ ಭಾರೀ ನಂಬಿಕೆ. ಅಂಥ ಕಡೆ ಸಿಗದೆ ವಾಪಸ್ ಬಂದರೂ ಬೇಜಾರಿಲ್ಲ, ನಾಳೆ ಸ್ವಲ್ಪ ಬೇಗ ಹೋದರಾಯಿತು.

ಕೋನಿಗಿಂತಲೂ ಜಾಸ್ತಿ ಗಮನ ಕೊಡಬೇಕಾದದ್ದು ಬರ್ನರಿಗೆ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಗಿರಾಕಿ ಇಲ್ಲದಾಗ ಗ್ಯಾಸ್ ಉಳಿಸಲಿಕ್ಕೆ ಬರ್ನರ್ ಆಫ್ ಮಾಡುವುದು, ಯಾರಾದರೂ ಬಂದಾಗ ಪುನಃ ಹಚ್ಚುವುದು ಕೆಲವು ಕಡೆ ಅಭ್ಯಾಸ. ಹೈವೇ ಬದಿಯ ಒಂದು ಅಂಗಡಿಯಲ್ಲಿ ನನ್ನ ಕಣ್ಣೆದುರಿಗೇ ಹಾಗೆ ಮಾಡಿದರು, ಕೋನಿನ ಹತ್ತಿರ ಕೈ ಹಿಡಿದರೆ ಬಿಸಿಯೇ ಇಲ್ಲ, ಬೆಂಕಿ ಹಚ್ಚಿ ಅರೆ ನಿಮಿಷಕ್ಕೆ ಕತ್ತಿ ಎತ್ತಿದರು. ನಾನು ತಿನ್ನದೆ ಬಂದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತದೆ, ಅನುಕೂಲ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೆ ಎರಡು ಪಟ್ಟು ಆಗಬಲ್ಲದು. ನಮ್ಮ ಕರಾವಳಿಯ ಸೆಕೆಯಲ್ಲಿ, ಬೆಂಕಿ ಆರಿಸಿದ ಕೋನು ಸರಿಯಾಗಿ ಆ ಉಗುರು ಬೆಚ್ಚಗೆಯಲ್ಲೇ ನಿಂತಿರುತ್ತದೆ. ಆಮೇಲೆ ಪುನಃ ಬಿಸಿ ಮಾಡಿದರೆ ಸರಿಯಾಗುತ್ತದಲ್ಲಾ ಅಂತ ಕೇಳಬಹುದು. ಬ್ಯಾಕ್ಟೀರಿಯಾ ಸತ್ತರೂ ಕೆಲವು ಜಾತಿಯವು ಬಿಟ್ಟುಹೋದ ವಿಷ ಬಿಸಿಗೆ ಹೋಗುವುದಿಲ್ಲ. ಹಾಗಾಗಿ ಬರ್ನರ್ ಆರಿಸುವ ಅಂಗಡಿ ನನ್ನ ಪಟ್ಟಿಯಲ್ಲಿ ಇಲ್ಲ.

ಮೂರನೆಯದು ಕತ್ತಿ. ಒಳ್ಳೆ ಕೈ ಇರುವವನು ಬೆಂದ ಹೊರ ಪದರವನ್ನಷ್ಟೇ ಮೇಲಿನಿಂದ ಕೆಳಗೆ ತೆಳ್ಳಗೆ ಎಳೆಯುತ್ತಾನೆ. ಮಾಂಸ ಕಾಗದದ ಚೂರಿನ ಹಾಗೆ ಬೀಳುತ್ತದೆ. ಅವಸರದವನು ಕತ್ತಿಯನ್ನು ಒಳಗೆ ನುಗ್ಗಿಸುತ್ತಾನೆ, ಆಗ ಗುಲಾಬಿ ಬಣ್ಣದ ಹಸಿ ಮಾಂಸ ಕಾಣಿಸುತ್ತದೆ. ಕೊಯ್ದ ಮಾಂಸವನ್ನು ಹಾಗೇ ಕುಬ್ಬೂಸಿಗೆ (ಅರಬ್ಬಿ ರೊಟ್ಟಿಗೆ) ತುಂಬಬಾರದು, ಕಾವಲಿಯ ಮೇಲೋ ಗ್ರಿಲ್ಲಿನಲ್ಲೋ ಇನ್ನೊಮ್ಮೆ ಬಿಸಿ ಮಾಡಬೇಕು. ನಿಯಮವೂ ಅದನ್ನೇ ಹೇಳುತ್ತದೆ. ರುಚಿಗೂ ಅದೇ ಒಳ್ಳೆಯದು, ಕಾದ ಕಾವಲಿಯ ಮೇಲೆ ಮಾಂಸದ ರಸ, ಮಸಾಲೆ ಎರಡೂ ಅಂಟಿಕೊಂಡು ಒಂದು ಹದ ಬರುತ್ತದೆ. ಇಷ್ಟೊತ್ತು ನಿಂತು ನೋಡಿದ್ದೀರಿ, ಹಾಗೇ ಕೈಯನ್ನೂ ನೋಡಿ. ದುಡ್ಡು ತೆಗೆದುಕೊಂಡ ಕೈಯಲ್ಲೇ ಕುಬ್ಬೂಸ್ ಮುಟ್ಟಿದರೆ ಬೇಡ. ಶಿಗೆಲ್ಲಾ ಹರಡುವುದು ಕೊಳಕು ಕೈಯಿಂದ, ಕೆಟ್ಟ ನೀರಿನಿಂದ, ಅದೂ ತುಂಬಾ ಸ್ವಲ್ಪ ಇದ್ದರೂ ಸಾಕು.

ಸ್ಟ್ಯಾಂಡ್ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಿರಾಕಿಗಳ ಕಣ್ಣಿಗೆ ಬೀಳಲಿ ಅಂತ ಕೋನನ್ನು ರಸ್ತೆಗೇ ತಂದು ನಿಲ್ಲಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕೆಲಸ ನಡೆಯುವಾಗ ತಲಪಾಡಿಯಿಂದ ಈಚೆ ಎಷ್ಟು ಧೂಳು ತಿಂದಿದ್ದೇವೆ ಅಂತ ನಮಗೆಲ್ಲ ಗೊತ್ತು. ಸರ್ವಿಸ್ ರೋಡಿಗೆ ತಾಗಿ ತೆರೆದಿಟ್ಟ ಕೋನಿಗಿಂತ ಗಾಜಿನ ಹಿಂದೆ ಇರುವುದು ಒಳ್ಳೆಯದು.

ಇನ್ನು ಮಯೋನೀಸ್. ಹಸಿ ಮೊಟ್ಟೆ, ಎಣ್ಣೆ, ಬೆಳ್ಳುಳ್ಳಿ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರೆ ಆಗುವ ಬಿಳಿ ಸಾಸ್. ಎಲ್ಲಿಯೂ ಬೇಯಿಸುವುದಿಲ್ಲ, ಹಾಗಾಗಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ನೇರ ನಮ್ಮ ಹೊಟ್ಟೆಗೆ. 2023ರ ಜನವರಿಯಲ್ಲಿ ಕೇರಳ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧ ಮಾಡಿತು. ಪಾಶ್ಚರೀಕರಿಸಿದ (ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದ) ಮೊಟ್ಟೆಯದ್ದೋ ಮೊಟ್ಟೆಯೇ ಇಲ್ಲದ್ದೋ ಆದರೆ ಅಡ್ಡಿಯಿಲ್ಲ. ಅದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗಿಡುವ ಹಾಗಿಲ್ಲ. ಬರ್ನರಿನ ಪಕ್ಕದಲ್ಲೇ ದೊಡ್ಡ ಬಾಟಲಿ ಸಂಜೆಯಿಂದ ಬಿಸಿಯಾಗುತ್ತಾ ಕೂತಿದ್ದರೆ ಅಲ್ಲಿ ತಿನ್ನಬೇಡಿ, ಸಣ್ಣ ಡಬ್ಬಿಯಲ್ಲಿ ಆಗಾಗ ಫ್ರಿಜ್ಜಿನಿಂದ ತೆಗೆದು ಬಳಸಿದರೆ ಅದು ಒಳ್ಳೆ ಲಕ್ಷಣ. ಅನುಮಾನ ಬಂದರೆ "ಇಚ್ಚಾ, ಮಯೋ ವೇಂಡ" (ಅಣ್ಣಾ, ಮಯೋ ಬೇಡ) ಅಂದುಬಿಡಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಯೋ ಇಲ್ಲದೆ ಒಮ್ಮೆ ತಿಂದು ನೋಡಿ, ಮಾಂಸದ ನಿಜವಾದ ರುಚಿ ಆಗಲೇ ಗೊತ್ತಾಗುವುದು. ಮಯೋ ತೆಗೆದರೆ ಏನೂ ರುಚಿ ಇಲ್ಲ ಅನ್ನಿಸುವ ಶವರ್ಮಾ ಒಳ್ಳೆ ಶವರ್ಮಾ ಅಲ್ಲ.

ಕುಬ್ಬೂಸ್ ಮೆತ್ತಗಿರಬೇಕು, ಮಡಚಿದರೆ ಬಿರುಕು ಬಿಡಬಾರದು. ಪ್ಯಾಕೆಟ್ ಅಲ್ಲೇ ಇರುತ್ತದೆ, ತಾರೀಖು ಓದಲಿಕ್ಕೆ ನಾಚಿಕೆ ಬೇಡ. ರುಮಾಲಿ ರೊಟ್ಟಿಯಲ್ಲಿ ಸುತ್ತಿ ಕೊಡುವ ಕಡೆ ರೊಟ್ಟಿ ಆಗಷ್ಟೇ ಮಾಡಿದ್ದಾದರೆ ಬಹಳ ಚೆನ್ನ, ಸಂಜೆ ಮಾಡಿ ಪೇರಿಸಿಟ್ಟದ್ದಾದರೆ ರಬ್ಬರ್. ಎಲೆಕೋಸು ಬೆಳಿಗ್ಗೆ ಹೆಚ್ಚಿಟ್ಟದ್ದಾದರೆ ನೀರು ಬಿಟ್ಟು ರೋಲಿನ ಕೆಳಗಡೆ ಒದ್ದೆಯಾಗುತ್ತದೆ, ಮೂರನೇ ಕಡಿತಕ್ಕೆ ಕೈಯೆಲ್ಲ ಸೋರುತ್ತದೆ. ಫ್ರೆಂಚ್ ಫ್ರೈಸ್ ಒಳಗೆ ಹಾಕುವುದು ಕೆಲವರಿಗೆ ಇಷ್ಟ, ನನಗೆ ಅದು ಚಿಕನ್ ಕಡಿಮೆ ಮಾಡುವ ಉಪಾಯ ಅಂತಲೇ ಕಾಣುತ್ತದೆ. ಸುತ್ತಿದ ಮೇಲೆ ಗ್ರಿಲ್ಲಿನಲ್ಲಿ ಒತ್ತಿ ಕಂದು ಗೆರೆ ಬರಿಸಿ ಕೊಡುವ ಅಂಗಡಿಗೆ ಇನ್ನೊಂದು ಅಂಕ ಜಾಸ್ತಿ.

ಬೆಲೆ ನೋಡಿ ಓಡಬೇಡಿ. ಅಕ್ಕಪಕ್ಕದ ಅಂಗಡಿಗಳಿಗಿಂತ ತೀರಾ ಕಡಿಮೆಗೆ ಕೊಡುತ್ತಿದ್ದರೆ ಮಾಂಸವೋ ಎಣ್ಣೆಯೋ ಎಲ್ಲೋ ಒಂದು ಕಡೆ ಉಳಿಸುತ್ತಿದ್ದಾರೆ.

ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇರಬೇಕು, 14 ಅಂಕಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತ ಅಲ್ಲ. ಆದರೆ ಅದೂ ಇಲ್ಲದ ಕಡೆ ಉಳಿದದ್ದನ್ನು ನೋಡುವ ಕಷ್ಟ ಯಾಕೆ, ಅಲ್ವಾ?

ಆದಷ್ಟು ಅಲ್ಲೇ ನಿಂತು ತಿನ್ನಿ. ಪಾರ್ಸೆಲ್ ತರಲೇಬೇಕಾದರೆ ಕಟ್ಟಿದ ಸಮಯ, ಒಂದು ಗಂಟೆ ಒಳಗೆ ತಿನ್ನಬೇಕು ಅನ್ನುವ ಸೂಚನೆ ಇರುವ ಚೀಟಿ ಅಂಟಿಸಿರಬೇಕು, ಕೇರಳದಲ್ಲಿ ಇದು ಕಡ್ಡಾಯ. ಚೀಟಿ ಇಲ್ಲದಿದ್ದರೆ ಕೇಳಿ. ಡೆಲಿವರಿಯಲ್ಲಿ ತರಿಸುವವರು ದೂರ ನೋಡಿಕೊಳ್ಳಿ: ಪೇಟೆಯಿಂದ ಪೆರ್ಲಕ್ಕೋ ಮುಳ್ಳೇರಿಯಕ್ಕೋ ತಲುಪುವಾಗ ಆ ಒಂದು ಗಂಟೆ ದಾರಿಯಲ್ಲೇ ಮುಗಿದಿರುತ್ತದೆ. ರಾತ್ರಿ ತಂದು ಅರ್ಧ ಇಟ್ಟು ಬೆಳಿಗ್ಗೆ ಮಕ್ಕಳಿಗೆ ಕೊಡುವುದು ಮಾತ್ರ ಬೇಡವೇ ಬೇಡ. ತಿಂದ ಮೇಲೆ ಜ್ವರ, ಮಲದಲ್ಲಿ ರಕ್ತ, ನಿಲ್ಲದ ವಾಂತಿ ಬಂದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿಂದದ್ದು, ಎಷ್ಟು ಹೊತ್ತಿಗೆ ಅಂತ ಡಾಕ್ಟರಿಗೆ ಹೇಳಿ. ಬಿಲ್ ಇಟ್ಟುಕೊಂಡಿದ್ದರೆ ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಲು ಸುಲಭ. ಆ ದೂರಿನಿಂದ ಇನ್ನೊಂದು ಮನೆಯ ಮಗು ಉಳಿಯಬಹುದು.

ಇಷ್ಟೆಲ್ಲ ನೋಡಿ ಒಂದು ಅಂಗಡಿ ಹಿಡಿಸಿತು ಅಂದುಕೊಳ್ಳಿ. ತಕ್ಷಣ ಹತ್ತು ಜನರಿಗೆ ಹೇಳಬೇಡಿ. ಇನ್ನೊಮ್ಮೆ ಜನ ಕಡಿಮೆ ಇರುವ ದಿನ ಹೋಗಿ, ಸೋಮವಾರವೋ ಮಂಗಳವಾರವೋ, ಮಳೆ ಇರುವ ದಿನವಾದರೆ ಇನ್ನೂ ಒಳ್ಳೆಯದು. ಆದಿತ್ಯವಾರ ಎಲ್ಲ ಅಂಗಡಿಯೂ ಚುರುಕಾಗಿರುತ್ತದೆ. ಮಳೆಗೆ ಗಿರಾಕಿಯೇ ಇಲ್ಲದ ಸಂಜೆಯಲ್ಲೂ ಸಣ್ಣ ಕೋನು ಏರಿಸಿ, ಬರ್ನರ್ ಆರಿಸದೆ, ನೀವು ಒಬ್ಬರೇ ಬಂದರೂ ಮಾಂಸವನ್ನು ಕಾವಲಿಗೆ ಹಾಕಿ ಕೊಟ್ಟರೆ ಆ ಅಂಗಡಿ ನಿಮ್ಮದು. ಆಗ ಎಲ್ಲರಿಗೂ ಹೇಳಿ, ರಿವ್ಯೂ ಕೂಡ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅರ್ಧ ತಿಂದ ರೋಲಿನ ಫೋಟೋ ಹಾಕಲು ಮರೆಯಬೇಡಿ.