ಮೊದಲು ಪರೀಕ್ಷೆಯ ದಿನಾಂಕ, ಆಮೇಲೆ ರೈಲು

ಜರ್ಮನಿಯಲ್ಲಿ ಎರಡು ವರ್ಷ ಓದಿ ದಾವಣಗೆರೆಗೆ ಮರಳಿದ್ದೇನೆ. ಈಗ ತಂಗಿ ಹೊರಟಿದ್ದಾಳೆ. ಅಲ್ಲಿ ಓದು, ಸುತ್ತಾಟ ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆಂದು, ಬೆಣ್ಣೆ ದೋಸೆ ಬರುವಷ್ಟರಲ್ಲಿ ಅವಳಿಗೆ ಹೇಳಿದ್ದು ಇದು.

ಸೆಮಿಸ್ಟರ್ ಶುರುವಾದ ವಾರವೇ ಪರೀಕ್ಷೆಯ, ವರದಿ ಒಪ್ಪಿಸುವ ದಿನಗಳಿಗೆ ಕೆಂಪು ಸುತ್ತು ಹಾಕು. ಅಮ್ಮ ಕಳಿಸಿದ್ದ ಗೋಡೆ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದಲ್ಲೇ ನಾನು ಗುರುತು ಮಾಡುತ್ತಿದ್ದೆ. ಪರೀಕ್ಷೆಗೆ ಹೆಸರು ನೋಂದಾಯಿಸುವ ಕಡೆಯ ದಿನವನ್ನೂ ಬರೆದುಕೋ. ನಾನು ಪ್ರಾಗ್‌ನ ಸೇತುವೆಯ ಮೇಲೆ ಫೋಟೊ ತೆಗೆಯುತ್ತಾ ನಿಂತಿದ್ದಾಗ ಅದು ದಾಟಿಹೋಯಿತು. ಆ ಪರೀಕ್ಷೆಗೆ ಆರು ತಿಂಗಳು ಕಾದೆ.

ಅಲ್ಲಿ ಪ್ರತಿ ವಿಷಯದ ಓದಿನ ಹೊರೆಯನ್ನು ಇಸಿಟಿಎಸ್ ಎಂಬ ಯುರೋಪಿನ ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ; ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಓದು. ಐದು ಕ್ರೆಡಿಟ್‌ನ ವಿಷಯಕ್ಕೆ ಕನಿಷ್ಠ 125 ಗಂಟೆ. ಅದನ್ನು ವಾರಗಳಿಗೆ ಹಂಚು, ಉಳಿದ ಶನಿವಾರಗಳು ನಿನ್ನವು.

ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದರೆ ಪ್ರಾದೇಶಿಕ ರೈಲುಗಳಲ್ಲಿ ದೇಶವೆಲ್ಲ ಸುತ್ತಬಹುದು. ಐಸಿಇ ಎಂಬ ವೇಗದ ರೈಲಿಗೆ ಅದು ನಡೆಯುವುದಿಲ್ಲ, ನಡೆಯದಿದ್ದರೆ ಒಳ್ಳೆಯದೇ: ನಿಧಾನದ ರೈಲಿನ ನಾಲ್ಕು ಗಂಟೆಯಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ. ಪಾಠಗಳನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡಿರು. ಭಾನುವಾರ ಕೊನೆಯ ರೈಲನ್ನು ನೆಚ್ಚಬೇಡ, ಮಧ್ಯಾಹ್ನದ್ದನ್ನೇ ಹಿಡಿ.

ಚಳಿಗಾಲದ ಪರೀಕ್ಷೆಗಳು ಹೆಚ್ಚಾಗಿ ಫೆಬ್ರವರಿಯಲ್ಲಿ. ಅದಕ್ಕೂ ಮುಂಚಿನ ಮೂರು ವಾರ ಊರು ಬಿಡಬೇಡ. ದೂರದ ಪ್ರವಾಸವೆಲ್ಲ ಮಾರ್ಚ್‌ಗೆ ಇರಲಿ.