ಬಣ್ಣಕ್ಕಿಂತ ಮೊದಲು ಲೇಪ: ಹೊಸ ಬೇಸ್ ಗಿಟಾರ್ ಆರಿಸಿಕೊಂಡ ನನ್ನ ಅನುಭವ

ಹನ್ನೊಂದು ವರ್ಷ ನುಡಿಸಿದ ನನ್ನ ಹಳೆಯ ಬೇಸ್ ಗಿಟಾರ್ ಅಚ್ಚ ಕಪ್ಪು ಬಣ್ಣದ್ದು, ಕನ್ನಡಿಯಂತೆ ಹೊಳೆಯುವ ದಪ್ಪ ಪಾಲಿಯೆಸ್ಟರ್ ಲೇಪದ್ದು. ಕೊಂಡ ದಿನ ಅದಕ್ಕಿಂತ ಚೆಲುವಾದ ವಾದ್ಯ ಇಲ್ಲವೆನಿಸಿತ್ತು. ಆದರೆ ಒರೆಸಿದ ಬಟ್ಟೆಯ ಗೆರೆ, ಬೆರಳಚ್ಚು, ಧೂಳು ಎಲ್ಲವೂ ಕಪ್ಪು ಹೊಳಪಿನ ಮೇಲೆ ಎದ್ದು ಕಾಣುತ್ತವೆ. ಒಮ್ಮೆ ಬಾಗಿಲ ಚೌಕಟ್ಟಿಗೆ ತಗುಲಿದಾಗ ಲೇಪವು ಗಾಜಿನ ಚೂರಿನಂತೆ ಎದ್ದುಹೋಗಿ ಒಳಗಿನ ಬಿಳಿ ಮರ ಕಾಣಿಸಿತು. ಆದ್ದರಿಂದ ಹೊಸದನ್ನು ಮಾಡಿಸುವಾಗ ಬಣ್ಣಕ್ಕಿಂತ ಮೊದಲು ಲೇಪವನ್ನೇ ನಿರ್ಧರಿಸಿಕೊಂಡೆ.

ನೈಟ್ರೊಸೆಲ್ಯುಲೋಸ್ ಲ್ಯಾಕರ್ ಮೇಲೆ ನನಗೆ ಬಹಳ ಆಸೆಯಿತ್ತು. ತೆಳ್ಳಗಿರುವ ಆ ಲೇಪ ಕೈ ತಾಗಿದಲ್ಲೆಲ್ಲ ಮೆಲ್ಲನೆ ಸವೆದು ಮರವನ್ನು ತೋರಿಸುವ ರೀತಿ ನಿಜಕ್ಕೂ ಸುಂದರವಾದುದು. ಆದರೆ ಚಳಿ, ಸೆಕೆಗಳ ಏರಿಳಿತಕ್ಕೆ ಅದು ಕೂದಲೆಳೆಯಂತೆ ಬಿರಿಯುತ್ತದೆ, ಸ್ಟ್ಯಾಂಡಿನ ರಬ್ಬರ್ ತಾಗಿದಲ್ಲಿ ಮೆತ್ತಗಾಗಿ ಕಲೆ ಉಳಿಯುತ್ತದೆ, ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಫೆಂಡರ್ ಕಂಪನಿಯ ಹಳೆಯ ವಾದ್ಯಗಳಲ್ಲಿ ಬಿಳಿ ಬಣ್ಣವು ಕೆನೆಬಣ್ಣವಾಗಿ, ನೀಲಿಯು ಹಸಿರಾಗಿ ಕಾಣುವುದಕ್ಕೆ ಬಣ್ಣದ ಮೇಲಿನ ಪಾರದರ್ಶಕ ಲ್ಯಾಕರ್ ಹಳದಿಯಾದದ್ದೇ ಕಾರಣ. ನನಗೆ ನೀಲಿಯು ನೀಲಿಯಾಗಿಯೇ ಉಳಿಯಬೇಕಿತ್ತು. ಹಾಗಾಗಿ ಒಡಲಿಗೆ ತೆಳುವಾದ ಪಾಲಿಯುರೇಥೇನ್ ಹೊಳಪು ಲೇಪವನ್ನು ಒಪ್ಪಿಕೊಂಡೆ. ಲೇಪದಿಂದ ನಾದ ಬದಲಾಗುತ್ತದೆಂಬ ವಾದವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಟ್ಟಿ ಒಡಲಿನ ವಿದ್ಯುತ್ ವಾದ್ಯದಲ್ಲಿ ತಂತಿ ಮತ್ತು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬದಲಿಸಿದಾಗ ಕೇಳುವ ವ್ಯತ್ಯಾಸದ ಮುಂದೆ ಅದು ನನ್ನ ಕಿವಿಗೆ ಸಿಕ್ಕಿದ್ದೇ ಇಲ್ಲ.

ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಹಿಂಬದಿಗೆ ಮಾತ್ರ ಸ್ಯಾಟಿನ್, ಅಂದರೆ ಹೊಳಪು ಕಡಿಮೆಯಿರುವ ನುಣುಪು ಲೇಪ, ಬೇಕೆಂದು ಹಟ ಹಿಡಿದೆ. ಬೆವರಿದ ಹೆಬ್ಬೆರಳು ಹೊಳಪು ಲೇಪಕ್ಕೆ ಅಂಟಿಕೊಂಡರೆ ಮೊದಲ ಫ್ರೆಟ್‌ನಿಂದ (ನೆಕ್ ಮೇಲಿನ ಅಡ್ಡ ಲೋಹಪಟ್ಟಿ) ಏಳನೆಯದಕ್ಕೆ ಜಾರುವಾಗ ಕೈ ತಡೆಯುತ್ತದೆ.

ಬಣ್ಣದ ವಿಷಯದಲ್ಲಿ, ನಡುವೆ ತಿಳಿಯಾಗಿದ್ದು ಅಂಚಿನತ್ತ ಗಾಢವಾಗುತ್ತ ಹೋಗುವ ಸನ್‌ಬರ್ಸ್ಟ್ ಕೊನೆಯವರೆಗೂ ಸ್ಪರ್ಧೆಯಲ್ಲಿತ್ತು. 1951ರಲ್ಲಿ ಮರದ ಎಳೆ ಕಾಣುವ ತಿಳಿ ಬಣ್ಣದಲ್ಲಿ ಬಂದ ಫೆಂಡರ್‌ನ ಪ್ರಿಸಿಶನ್ ಬೇಸ್ 1954ರ ಹೊತ್ತಿಗೆ ಎರಡು ಛಾಯೆಯ ಸನ್‌ಬರ್ಸ್ಟ್ ಪಡೆಯಿತು. 1958ರಲ್ಲಿ ಆ ಎರಡು ಛಾಯೆಗಳ ನಡುವೆ ಕೆಂಪು ಸೇರಿತು, ಆ ಮೊದಲ ಕೆಂಪು ಬೆಳಕಿಗೆ ಎಷ್ಟೋ ವಾದ್ಯಗಳಲ್ಲಿ ಮಾಸಿಹೋಯಿತು. ಆದರೆ ಎಳೆ ಕಾಣುವ ಬಣ್ಣಕ್ಕೆ ಅಂದವಾದ ಮರವನ್ನೇ ಹುಡುಕಬೇಕು, ಅಂದವಾದ ಮರ ಹಗುರವಾಗಿಯೂ ಇರಬೇಕೆಂದಿಲ್ಲ. ಪೂರ್ತಿ ಮುಚ್ಚುವ ಬಣ್ಣವಾದರೆ ಎಳೆಯ ಚಿಂತೆಯಿಲ್ಲದೆ ತೂಕವೊಂದನ್ನೇ ನೋಡಿ ಆಲ್ಡರ್ ಮರವನ್ನು ಆರಿಸಬಹುದು. ಎರಡು ಗಂಟೆ ನಿಂತು ನುಡಿಸುವವನ ಭುಜಕ್ಕೆ ಇದು ಸಣ್ಣ ಮಾತಲ್ಲ.

ಹೀಗಾಗಿ ಲೇಕ್ ಪ್ಲಾಸಿಡ್ ಬ್ಲೂ ಬಗೆಯ, ಲೋಹದ ಕಣಗಳಿರುವ ನೀಲಿಯತ್ತ ವಾಲಿದೆ. ಕಾರುಗಳಿಗೆಂದು ತಯಾರಾದ ಬಣ್ಣಗಳಿಂದಲೇ ಗಿಟಾರಿಗೆ ಬಂದದ್ದು ಅದು. ಪರದೆಯ ಮೇಲಿನ ಚಿತ್ರವನ್ನು ನಂಬದೆ, ಬಣ್ಣ ಹಚ್ಚಿದ ಅಂಗೈಯಗಲದ ಮರದ ತುಂಡನ್ನು ತಯಾರಕರಿಂದ ತರಿಸಿಕೊಂಡೆ. ಬೆಳಿಗ್ಗೆ ಕಿಟಕಿಯ ಬಳಿ ಅದು ತಿಳಿಯಾಗಿ ಮಿನುಗಿತು, ಹಳದಿ ದೀಪದಡಿ ಬೂದಿಯತ್ತ ತಿರುಗಿತು, ವೇದಿಕೆಯ ಕೆಂಪು ಬೆಳಕಿನಲ್ಲಿ ಬಹುತೇಕ ಕಪ್ಪಾಯಿತು. ಒಡಲಿಗೆ ಗೀರು ಬೀಳದಂತೆ ತಡೆಯುವ ಪಿಕ್‌ಗಾರ್ಡ್ ಫಲಕದ ಬಿಳಿ ಚೂರನ್ನು ಮೇಲಿಟ್ಟರೆ ನೀಲಿ ತಣ್ಣಗೆ ಕಂಡಿತು. ಆಮೆಚಿಪ್ಪಿನ ಮಾದರಿಯ ಕೆಂಗಂದು ಪ್ಲಾಸ್ಟಿಕ್ ಇಟ್ಟೊಡನೆ ಅದಕ್ಕೆ ಆಳ ಬಂದಿತು. ಆ ಕಂದು ಬಣ್ಣಕ್ಕೆ ಹೊಂದಲೆಂದೇ ಬೆರಳೊತ್ತುವ ಫಿಂಗರ್‌ಬೋರ್ಡಿಗೆ ತಿಳಿ ಬಣ್ಣದ ಮೇಪಲ್ ಮರ ಬಿಟ್ಟು ಕಂದು ರೋಸ್‌ವುಡ್ ಆರಿಸಿದೆ.

ಈಗ ಎಂಟು ತಿಂಗಳಾಗಿದೆ. ಮುಂಗೈ ಒರಗುವ ಅಂಚು ಹೊಸದರಂತೆಯೇ ಇದೆ. ನೆಕ್ ಹಿಂಬದಿಯಲ್ಲಿ ಮಾತ್ರ, ಹೆಬ್ಬೆರಳು ಹೆಚ್ಚು ನಿಲ್ಲುವ ಐದನೆಯ ಫ್ರೆಟ್ ಹತ್ತಿರ, ಸ್ಯಾಟಿನ್ ಉಜ್ಜಿ ಉಜ್ಜಿ ನಾಣ್ಯದಗಲದಷ್ಟು ಜಾಗ ಹೊಳೆಯತೊಡಗಿದೆ.