ಡಿಬೀವರ್‌ನಲ್ಲಿ ನಲವತ್ತು ಕನೆಕ್ಷನ್ ಸಾಕಿದ ಕಥೆ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಹಕರೊಬ್ಬರ ಬಿಲ್ಲಿಂಗ್ ಕೌಂಟರ್ ನಿಂತುಹೋಯಿತು. ಡೇಟಾಬೇಸ್ ಸರ್ವರ್‌ನ ಲಾಗ್ ತೆಗೆದರೆ ಈ ಕೆಲಸದವರಿಗೆಲ್ಲ ಗೊತ್ತಿರುವ ಅದೇ ಸಾಲು: 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ'. ಅಂದರೆ ಆಗಲೇ ಕನೆಕ್ಷನ್ ತುಂಬಿಹೋಗಿವೆ, ಹೊಸಬರಿಗೆ ಜಾಗ ಇಲ್ಲ. ಮುಂದಿನ ಸೋಮವಾರ ಮತ್ತೆ ಅದೇ ಕಥೆ.

ನಮ್ಮದು ಮೈಸೂರಿನಲ್ಲಿ ಗ್ರಾಹಕರ ಡೇಟಾಬೇಸ್ ನೋಡಿಕೊಳ್ಳುವ ಐದು ಜನರ ಸಣ್ಣ ಅಂಗಡಿ. ಹದಿನೈದು ಗ್ರಾಹಕರು ಇರಬಹುದು. ಲೈವ್, ಟೆಸ್ಟ್, ಕೆಲವರಿಗೆ ರಿಪೋರ್ಟ್ ಸರ್ವರ್, ಎಲ್ಲ ಸೇರಿ, ಡೇಟಾಬೇಸ್ ತೆರೆದು ಕ್ವೆರಿ ಓಡಿಸಲು ನಾವು ಬಳಸುವ ಟೂಲ್ ಡಿಬೀವರ್‌ನ ಎಡಗಡೆ ಪಟ್ಟಿಯಲ್ಲಿ ನಲವತ್ತಕ್ಕೂ ಜಾಸ್ತಿ ಹೆಸರು. ಹೆಚ್ಚಿನವು ಪೋಸ್ಟ್‌ಗ್ರೆಸ್ ಡೇಟಾಬೇಸ್, ನಾಲ್ಕೈದು ಮೈಎಸ್‌ಕ್ಯುಎಲ್.

ತಿಳಿದವರೊಬ್ಬರು 'ಸರ್ವರ್ ಸಾಲದು, ದೊಡ್ಡದು ತಗೊಳ್ಳಿ' ಅಂದರು. ತಿಂಗಳಿಗೆ ನಾಲ್ಕೂವರೆ ಸಾವಿರ ಇದ್ದದ್ದು ಒಂಬತ್ತಾಯಿತು. ಎಂಟು ದಿನಕ್ಕೆ ಮತ್ತೆ ಅದೇ ಸಾಲು! ಮೆಮೊರಿ ಎರಡರಷ್ಟಾಗಿತ್ತು, ಕಾನ್ಫಿಗ್ ಫೈಲಿನಲ್ಲಿ ಮಾತ್ರ ಮ್ಯಾಕ್ಸ್ ಕನೆಕ್ಷನ್ಸ್ 100 ಅಂತಲೇ ಕೂತಿತ್ತು. ನಗಬೇಡಿ. 300 ಮಾಡಿ ರೀಸ್ಟಾರ್ಟ್ ಕೊಟ್ಟೆ. ಪೋಸ್ಟ್‌ಗ್ರೆಸ್ ಒಂದೊಂದು ಕನೆಕ್ಷನ್‌ಗೂ ಒಂದು ಪ್ರೊಸೆಸ್ ಎಬ್ಬಿಸುತ್ತದೆ ಅಲ್ವಾ, ಎರಡು ವಾರದಲ್ಲಿ ಎಲ್ಲ ತೆವಳತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಹೀಗೆ ಮೂರು ತಿಂಗಳು ದುಡ್ಡು ಸುರಿದೆವು.

ಒಂದು ರಾತ್ರಿ ಸುಮ್ನೆ, ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅಂತ ಪೋಸ್ಟ್‌ಗ್ರೆಸ್ ತೋರಿಸುವ ಪಟ್ಟಿ, ಪಿಜಿ ಸ್ಟ್ಯಾಟ್ ಆಕ್ಟಿವಿಟಿ ತೆರೆದು ಅಪ್ಲಿಕೇಶನ್ ನೇಮ್ ಕಾಲಮ್ ನೋಡಿದೆ. ಬಿಲ್ಲಿಂಗ್ ಆ್ಯಪ್‌ನ ಪೂಲ್, ಅಂದರೆ ಅದು ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳು, ಅರವತ್ತರ ಹತ್ತಿರ. ಅದು ಲೆಕ್ಕದಲ್ಲೇ ಇತ್ತು. ಉಳಿದ ಮೂವತ್ತೈದು ಸಾಲಿನಲ್ಲೂ 'ಡಿಬೀವರ್' ಅಂತ ಬರೆದಿತ್ತು. ಮೇನ್, ಮೆಟಾಡೇಟಾ (ಟೇಬಲ್‌ಗಳ ವಿವರ ಓದಲು), ಸ್ಕ್ರಿಪ್ಟ್-3, ಸ್ಕ್ರಿಪ್ಟ್-7. ಕಳ್ಳರು ನಾವೇ! ನಮ್ಮ ಸೆಟ್ಟಿಂಗ್‌ನಲ್ಲಿ ಪ್ರತಿ ಎಡಿಟರ್ ಟ್ಯಾಬ್‌ಗೂ ಬೇರೆ ಕನೆಕ್ಷನ್ ಇತ್ತು. 'ಶೋ ಆಲ್ ಡೇಟಾಬೇಸಸ್' ಟಿಕ್ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕನೆಕ್ಷನ್ ಒಂದೇ ಡೇಟಾಬೇಸಿಗೆ, ಹಾಗಾಗಿ ಕ್ಲಿಕ್ ಮಾಡಿದ್ದಕ್ಕೆಲ್ಲ ಹೊಸದು ಹುಟ್ಟುತ್ತಿತ್ತು.

ಅದರಲ್ಲಿ ಮೂರು ಸಾಲು ಶುಕ್ರವಾರ ಸಂಜೆಯಿಂದ 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಕೆಲಸ ಶುರು ಮಾಡಿ ಮುಗಿಸದೆ ಸುಮ್ಮನೆ ಕೂತವು. ಯಾರೋ ಬದಲಾವಣೆ ಖಾಯಂ ಮಾಡುವ ಕಮಿಟ್ ಒತ್ತದೆ, ಸಿಸ್ಟಮ್ ಆಫ್ ಮಾಡದೆ ಮನೆಗೆ ಹೋಗಿದ್ದರು. ಫೈರ್‌ವಾಲ್ ಕನೆಕ್ಷನ್ ಕಡಿದುಹಾಕುತ್ತದೆ ಅಂತ ನಾನೇ ಹಿಂದೆ ಡಿಬೀವರ್‌ನಲ್ಲಿ ಕನೆಕ್ಷನ್ ತಟ್ಟಿ ಎಬ್ಬಿಸುವ ಕೀಪ್-ಅಲೈವ್ 60 ಸೆಕೆಂಡಿಗೆ ಇಟ್ಟಿದ್ದೆ. ಸಾಯಬೇಕಾದದ್ದನ್ನು ನಿಮಿಷಕ್ಕೊಮ್ಮೆ ನೀರು ಕುಡಿಸಿ ಬದುಕಿಸಿದವನು ನಾನೇ.

ಟ್ಯಾಬ್‌ಗೊಂದು ಕನೆಕ್ಷನ್ ಮತ್ತು ಮೆಟಾಡೇಟಾಗೆ ಬೇರೆ ಕನೆಕ್ಷನ್, ಎರಡನ್ನೂ 'ನೆವರ್' ಮಾಡಿದೆ. ಹುಡುಗರು ಗೊಣಗಿದರು. ದೊಡ್ಡ ಕ್ವೆರಿ ಓಡುವಾಗ ಎಡಗಡೆ ಪಟ್ಟಿ ಗರ ಬಡಿದ ಹಾಗೆ ನಿಲ್ಲುತ್ತದೆ, ನಿಜ. ಆಗ ಕಾಫಿ ಕುಡಿಯಿರಿ ಅಂದೆ.

ಲೈವ್‌ಗೆಲ್ಲ ಪ್ರೊಡಕ್ಷನ್ ಟೈಪ್ ಕೊಟ್ಟು ಕೆಂಪು ಬಣ್ಣ ಹಚ್ಚಿದ್ದೆ. 'ಖಚಿತವಾ?' ಅಂತ ಕೇಳುವ ಕಿಟಕಿಯೂ ಬರುತ್ತಿತ್ತು. ಎರಡು ದಿನ ಓದಿದೆವು, ಮೂರನೇ ದಿನದಿಂದ ಬೆರಳು ತಾನಾಗಿ ಎಂಟರ್ ಒತ್ತುತ್ತಿತ್ತು. ಹಾಗೇ ಒಂದು ಮಧ್ಯಾಹ್ನ ಟೆಸ್ಟ್‌ನಲ್ಲಿ ಓಡಿಸಬೇಕಿದ್ದ ದರ ಬದಲಾವಣೆಯನ್ನು ಲೈವ್‌ನಲ್ಲಿ ಓಡಿಸಿ, ಕಮಿಟ್ಟೂ ಒತ್ತಿದೆ. ಸಾವಿರದ ಎಂಟುನೂರು ಚಿಲ್ಲರೆ ಸಾಲು. ಬ್ಯಾಕಪ್‌ನಿಂದ ಆ ಟೇಬಲ್ ಎತ್ತಿ ಕೂರಿಸುವಾಗ ರಾತ್ರಿ ಒಂಬತ್ತಾಗಿತ್ತು. ಆ ತಿಂಗಳ ಎಎಂಸಿ (ನಿರ್ವಹಣೆ ಒಪ್ಪಂದದ) ದುಡ್ಡು ಕೇಳಲು ಬಾಯಿ ಬರಲಿಲ್ಲ.

ಆಮೇಲೆ ಬಣ್ಣವನ್ನು ನಂಬಲಿಲ್ಲ. ಸರ್ವರ್‌ನಲ್ಲೇ ಎರಡು ರೋಲ್, ಅಂದರೆ ಲಾಗಿನ್ ಹೆಸರು, ಮಾಡಿದೆ. ಓದುವ ರೋಲ್‌ಗೆ ಸೆಲೆಕ್ಟ್ ಮಾತ್ರ, ಕನೆಕ್ಷನ್ ಲಿಮಿಟ್ 10. ಡೀಫಾಲ್ಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ ಅನ್ನುವ ಸೆಟ್ಟಿಂಗ್ ಒಂದೇ ಸಾಲದು, ಒಂದು ಸೆಟ್ ಕಮಾಂಡ್ ಹೊಡೆದರೆ ಬಿಚ್ಚಿಕೊಳ್ಳುತ್ತದೆ. ಬರೆಯುವ ರೋಲ್‌ಗೆ ಲಿಮಿಟ್ 2, ಪಾಸ್‌ವರ್ಡ್ ಟೂಲಿನಲ್ಲಿ ಸೇವ್ ಮಾಡುವಂತಿಲ್ಲ. ಎರಡಕ್ಕೂ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ ಹತ್ತು ನಿಮಿಷ. ಪೋಸ್ಟ್‌ಗ್ರೆಸ್ 9.6ರಿಂದಲೇ ಇರುವ ಸೌಲಭ್ಯ, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ನಡುವೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪಿಜಿಬೌನ್ಸರ್ ಹುಚ್ಚೂ ಹತ್ತಿತ್ತು. ಡಿಬೀವರನ್ನೇ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಅದರ ಹಿಂದೆ ಕೂರಿಸಿದೆ. ಆ ಮೋಡ್‌ನಲ್ಲಿ ಪ್ರತಿ ಟ್ರಾನ್ಸಾಕ್ಷನ್‌ಗೂ ಬೇರೆ ಕನೆಕ್ಷನ್ ಸಿಗಬಹುದು. ಸರ್ಚ್ ಪಾತ್ (ಟೇಬಲ್ ಎಲ್ಲಿ ಹುಡುಕಬೇಕು ಅನ್ನುವುದು) ಸೆಟ್ ಮಾಡಿದರೆ ಮುಂದಿನ ಕ್ವೆರಿಗೆ ಅದು ಮಾಯ, ಇಲ್ಲವೇ ಇನ್ನೊಬ್ಬರ ತಲೆಗೆ. ಎರಡು ದಿನ ಹಾಳು. ಅದು ಆ್ಯಪ್‌ಗೆ ಸರಿ, ಎಡಿಟರ್ ಇಟ್ಟುಕೊಂಡು ಕೂರುವವರಿಗಲ್ಲ.

ಐದೂ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ಒಂದೇ ಇರಲಿ ಅಂತ ಡಿಬೀವರ್ ಕನೆಕ್ಷನ್ ಪಟ್ಟಿ ಇಡುವ ಡೇಟಾ-ಸೋರ್ಸಸ್ ಜೇಸನ್ ಫೈಲನ್ನು, ಎಲ್ಲರೂ ಹಂಚಿಕೊಳ್ಳುವ ಗಿಟ್‌ಗೆ ಹಾಕಿದೆ. ಇದು ಚೆನ್ನಾಗಿ ನಡೆಯುತ್ತಿದೆ. ಪಕ್ಕದಲ್ಲಿರುವ, ಪಾಸ್‌ವರ್ಡ್ ಇರುವ ಕ್ರೆಡೆನ್ಶಿಯಲ್ಸ್ ಫೈಲ್ ಮಾತ್ರ ಹಾಕಬೇಡಿ. ಉಚಿತ ಆವೃತ್ತಿಯಲ್ಲಿ ಅದರ ಬೀಗದ ಕೈ ಎಲ್ಲರಿಗೂ ಒಂದೇ, ಯಾರು ಬೇಕಾದರೂ ಬಿಚ್ಚಬಹುದು. ನಾನು ಒಂದು ವಾರ ಹಾಕಿಟ್ಟಿದ್ದೆ. ಆಮೇಲೆ ಎಲ್ಲ ಪಾಸ್‌ವರ್ಡ್ ಬದಲಿಸುತ್ತಾ ಒಂದು ಭಾನುವಾರ ಹೋಯಿತು.

ಕನೆಕ್ಷನ್‌ಗಳಿಗೆ ಹೆಸರಿಡುವುದಕ್ಕೂ ಒಂದು ಕ್ರಮ ಇದೆ, ಸಂಜೆ ಏಳಕ್ಕೆ ಓಡುವ ಒಂದು ಸ್ಕ್ರಿಪ್ಟ್ ಕೂಡ. ಅವು ನಮ್ಮ ಮನೆಯ ಮಸಾಲೆ, ಇಲ್ಲಿ ಬರೆಯುವುದಿಲ್ಲ.

ಈಗ ಸೋಮವಾರ ಬೆಳಿಗ್ಗೆ ಆ ಸರ್ವರ್‌ನಲ್ಲಿ ನಮ್ಮ ಸಾಲು ಆರೋ ಏಳೋ. ಲಿಮಿಟ್ ಮತ್ತೆ 100ಕ್ಕೆ ಇಳಿಸಿದೆ, ಹಳೇ ನಾಲ್ಕೂವರೆ ಸಾವಿರದ ಸರ್ವರ್‌ಗೇ ವಾಪಸ್ ಬಂದೆ. ಏಳು ತಿಂಗಳಾಯಿತು, ಕೌಂಟರ್ ನಿಂತಿಲ್ಲ. 'ಟೂಲಿನ ಸೆಟ್ಟಿಂಗ್ ಬದಲಿಸಿ ಸರ್ವರ್ ಉಳಿಸ್ತೀಯಾ?' ಅಂತ ನಕ್ಕಿದ್ದ ಆ ತಿಳಿದವರು ಹೋದ ವಾರ ಫೋನ್ ಮಾಡಿ ಫೈಲ್ ಕೇಳಿದರು. ಕಳಿಸಿದ್ದೇನೆ. ಸ್ಕ್ರಿಪ್ಟ್ ಮಾತ್ರ ಕಳಿಸಿಲ್ಲ.